ಜಟಕಾ ಬಿಚ್ಚುವಾಗ ಕಡಿವಾಣ ಮೊದಲಾ, ಕೊನೆಗಾ?

ಚಿಂತಾಮಣಿ ಕಡೆಯವನು:
ಮದುವೆ, ಜಾತ್ರೆಗೆ ಬಾಡಿಗೆ ಓಡಿಸೋಣ ಅಂತ ಹಳೇ ಜಟಕಾ ಒಂದನ್ನ ರಿಪೇರಿ ಮಾಡಿಸಿ, ಕುದುರೆ ತಂದು ಎರಡು ತಿಂಗಳಾಯ್ತು. ಇಷ್ಟು ದಿನ ಮಾರಿದವರ ಕಡೆ ಹುಡುಗ ಬಂದು ಬಿಚ್ಚುತ್ತಿದ್ದ. ಮೊನ್ನೆ ಅವನಿರಲಿಲ್ಲ. ಪಾಪ, ಬಾಯಿಗೆ ಆರಾಮ ಸಿಗಲಿ ಅಂತ ಮೊದಲು ಕಡಿವಾಣ, ಕಣ್ಣುಪಟ್ಟಿ ಎರಡೂ ತೆಗೆದೆ. ಅಷ್ಟೇ! ಒಂದು ಸಲ ತಿರುಗಿ ನೋಡಿ ಗಾಡಿ ಸಮೇತ ಓಡಿತು, ಚಕ್ರ ಹುಣಸೆಮರಕ್ಕೆ ಸಿಕ್ಕಿಕೊಂಡ ಮೇಲೇ ನಿಂತಿದ್ದು. ಅದರ ತೊಡೆ ಸ್ವಲ್ಪ ತರಚಿದೆ. ಎಲ್ಲಿ ತಪ್ಪಿದೆ?

ತುಮಕೂರು ಜಟಕಾ ಮನೆ:
ಕುದುರೆಯದು ತಪ್ಪಿಲ್ಲ ಬಿಡಿ. ಅದರ ಕಣ್ಣು ತಲೆಯ ಪಕ್ಕಕ್ಕಿರುತ್ತೆ, ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತೆ. ಕಣ್ಣುಪಟ್ಟಿ ಕಟ್ಟಿದಾಗ ಮುಂದಿನ ದಾರಿ ಮಾತ್ರ. ತೆಗೆದ ತಕ್ಷಣ ನೋಡಿದರೆ ಬೆನ್ನ ಹಿಂದೆ ಏನೋ ದೊಡ್ಡದು, ಓಡಿದರೆ ಅದೂ ಅಟ್ಟಿಸಿಕೊಂಡು ಬರುತ್ತೆ! ನಿಮ್ಮ ಕೈಲಿ ಲಗಾಮೂ ಇಲ್ಲ.

ನಮ್ಮಪ್ಪ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದರು. ಕುದುರೆ ಗಾಡಿಯಿಂದ ಪೂರ್ತಿ ಈಚೆ ಬರೋವರೆಗೂ ಕಡಿವಾಣ ಮುಟ್ಟಿದರೆ ಕೈ ಮೇಲೆ ಏಟು. ಮೊದಲು ಜನ ಇಳಿಯಬೇಕು. ಎರಡು ಚಕ್ರದ ಗಾಡಿ ಅಲ್ವಾ, ಹಿಂದೆ ಯಾರಾದರೂ ಕೂತಿರುವಾಗ ಹೊಟ್ಟೆಪಟ್ಟಿ ಬಿಚ್ಚಿದರೆ ಮೂಕಿ (ಕುದುರೆಯ ಎರಡೂ ಪಕ್ಕಕ್ಕಿರೋ ಗಾಡಿಯ ಉದ್ದ ಮರ) ಮೇಲೆದ್ದು ಗಾಡಿ ಹಿಂದಕ್ಕೆ ಬೀಳುತ್ತೆ. ಒಬ್ಬರು ತಲೆ ಹತ್ತಿರ ಹಿಡಿದು ನಿಲ್ಲಲಿ. ಹೊಟ್ಟೆಪಟ್ಟಿ ಬಿಚ್ಚಿ, ಆಮೇಲೆ ತೊಡೆ ಹಿಂದಿನ ಪಟ್ಟಿ, ಕೊನೆಗೆ ಗಾಡಿ ಎಳೆಯೋ ಎರಡು ಪಟ್ಟಿ. ಎರಡೂ ಕಡೆ ಬಿಚ್ಚಿದೆಯಾ ಅಂತ ಇನ್ನೊಂದು ಸಲ ನೋಡಿ. ಆಮೇಲೆ ಮೂಕಿ ಎತ್ತಿ ಗಾಡಿಯನ್ನೇ ಹಿಂದಕ್ಕೆ ತಳ್ಳಿ. ಕುತ್ತಿಗೆಗೆ ಹಗ್ಗ ಹಾಕಿಕೊಂಡೇ ಕಡಿವಾಣ ತೆಗೆಯೋದು, ಅದೂ ಎಳೆಯಬೇಡಿ, ಹಲ್ಲಿಗೆ ಬಡಿಯುತ್ತೆ. ನಿಧಾನಕ್ಕೆ ಇಳಿಸಿದರೆ ಕುದುರೆ ತಾನೇ ಬಾಯಿ ಬಿಡುತ್ತೆ.

ಮಾಲೂರು ಮಾವ:
ಬಾಲದ ಪಟ್ಟಿ ಬಿಡಿಸದೆ ಬೆನ್ನಿನ ಜೀನು ಎಳೆದರೆ ಒದೆ ಗ್ಯಾರಂಟಿ, ನಾನು ತಿಂದಿದ್ದೀನಿ. ಜೀನು ತೆಗೆದ ಮೇಲೆ ಬೆನ್ನು ತಡವಿ ನೋಡಿ. ಬಿಸಿ, ಊತ ಇದ್ದರೆ ನಾಳೆ ಗಾಡಿ ಕಟ್ಟಬೇಡಿ. ಜೀನು ಒತ್ತಿ ಗಾಯ ಆದ ಜಾಗದಲ್ಲಿ ಆಮೇಲೆ ಬಿಳಿ ಕೂದಲೇ ಬರೋದು. ಬೆವರು ಆರೋವರೆಗೂ ನೀರು ಮಾತ್ರ ಕೊಡಬೇಡಿ.

ವೆಟರ್ನರಿ ಓದ್ತಿರೋಳು:
ಮಾವ, ನೀರಿನ ಮಾತು ಒಪ್ಪಲ್ಲ. ಬೆವರಿನಲ್ಲಿ ನೀರು, ಉಪ್ಪು ಎರಡೂ ಹೋಗಿರುತ್ತೆ. ಕುಡಿಯಲಿ ಬಿಡಿ. ಕಾಯಬೇಕಾಗಿರೋದು ಹುರುಳಿಗೆ. ಕುದುರೆಗೆ ಹೊಟ್ಟೆ ಚಿಕ್ಕದು, ವಾಂತಿ ಮಾಡೋಕೆ ಬರಲ್ಲ, ದಣಿದು ಬಂದ ಕೂಡಲೇ ಜಾಸ್ತಿ ಕಾಳು ಹಾಕಿದರೆ ಹೊಟ್ಟೆನೋವು ಬರುತ್ತೆ. ಮೊದಲು ನಿಧಾನಕ್ಕೆ ನಡೆಸಿ, ಹುಲ್ಲು ಹಾಕಿ.

ಮಾಲೂರು ಮಾವ:
ನಲವತ್ತು ವರ್ಷ ನಾನು ಕೊಟ್ಟಿಲ್ಲಮ್ಮ. ಪಾಪ, ಕುದುರೆ ಬೈಕೊಂಡಿರಬೇಕು.

ಚಿಂತಾಮಣಿ ಕಡೆಯವನು:
ಇವತ್ತು ನೀವು ಹೇಳಿದ ಹಾಗೇ ಮಾಡಿದೆ, ಕಲ್ಲಿನ ಹಾಗೆ ನಿಂತಿತ್ತು. ಮಗ ಹಿಂದಿನ ಸೀಟಲ್ಲೇ ಕೂತಿದ್ದ, ಮೊದಲು ಅವನನ್ನ ಇಳಿಸಿದೆ. ಆಮೇಲೆ ಜೀನು ತೆಗೆದು ನೋಡಿದರೆ ಬೆನ್ನ ಎರಡೂ ಕಡೆ ಅಂಗೈ ಅಗಲ ಬಿಳಿ ಕೂದಲು. ಮಾರುವಾಗ ಅದನ್ನೇ ತೋರಿಸಿ, ಅದೃಷ್ಟದ ಮಚ್ಚೆ ಅಂತ ಐದು ಸಾವಿರ ಜಾಸ್ತಿ ಕೇಳಿದ್ದರು.