ಅಕ್ಕಾ, ಸ್ವಿಚ್ ಕೆಟ್ಟಿಲ್ಲ, ಕ್ಯಾನ್ ಕೆಳಗಿಳಿಸಿ

ಅಕ್ಕಾ, ನಿನ್ನ ಮೆಸೇಜು ವಿಡಿಯೋ ಎರಡೂ ನೋಡ್ದೆ. ರಾತ್ರಿ ಫಿಶ್ ಟ್ಯಾಂಕ್ ಉಕ್ಕಿ ಹಾಲ್‌ನಲ್ಲೆಲ್ಲಾ ನೀರು ನಿಂತಿದೆ, ಟ್ಯಾಂಕ್ ನೀರು ಆವಿಯಾಗಿ ಇಳಿದಾಗ ಕ್ಯಾನಿಂದ ಪಂಪಲ್ಲಿ ತಾನಾಗೇ ನೀರು ತುಂಬ್ಸೋ ಆ ಸೆಟ್ಟಿನ ಫ್ಲೋಟ್ ಸ್ವಿಚ್ (ನೀರಿನ ಮಟ್ಟಕ್ಕೆ ತಕ್ಕ ಹಾಗೆ ತೇಲಿ ಪಂಪ್ ಆನ್ ಆಫ್ ಮಾಡೋದು) ಹೋಗಿದೆ ಅಂತ ಭಾವ ಹೊಸದು ಆರ್ಡರ್ ಮಾಡ್ತಿದ್ದಾರೆ ಅಂದ್ಯಲ್ಲ, ಇವತ್ತೇ ಮಾಡ್ಬೇಡಿ ಅಂತ ಹೇಳು ಅವ್ರಿಗೆ.

ಅದಕ್ಕೂ ಮೊದ್ಲು, ಸ್ಟ್ಯಾಂಡ್ ಕೆಳಗೆ ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಕಾಣಿಸ್ತಿದೆ, ನೀರು ಅದರ ಹತ್ರಕ್ಕೇ ಬಂದಿದೆ, ಅದನ್ನ ಯಾರೂ ಮುಟ್ಬೇಡಿ. ಕರೆಂಟ್ ಬೋರ್ಡಿನ ಎಂಸಿಬಿ ಸ್ವಿಚ್ ಆಫ್ ಮಾಡಿ ಆಮೇಲೆ ತೆಗೀರಿ, ಒಳಗೆ ನೀರು ಹೋಗಿದ್ರೆ ಅದನ್ನ ಎಸೆದ್ಬಿಡಿ, ಮಕ್ಕಳು ಬರಿಗಾಲಲ್ಲಿ ಓಡಾಡೋ ಮನೆ ಅದು. ಹೊಸದನ್ನ ಗೋಡೆಗೆ ಎತ್ತರದಲ್ಲಿ ಹಾಕ್ಸಿ, ವೈರ್ ಪ್ಲಗ್ಗಿಗಿಂತ ಸ್ವಲ್ಪ ಕೆಳಗೆ ಜೋತುಬಿದ್ದು ಆಮೇಲೆ ಮೇಲಕ್ಕೆ ಹೋಗೋ ಹಾಗಿರ್ಲಿ, ಆಗ ವೈರ್ ಹಿಡ್ಕೊಂಡು ಇಳಿಯೋ ನೀರು ಅಲ್ಲೇ ತೊಟ್ಟಿಕ್ಕುತ್ತೆ, ಪ್ಲಗ್ ಒಳಕ್ಕೆ ಹೋಗಲ್ಲ.

ಈಗ ವಿಷಯಕ್ಕೆ ಬರ್ತೀನಿ. ವಿಡಿಯೋದಲ್ಲಿ ಪಂಪಿನ ಲೈಟ್ ಆರಿದೆ ನೋಡು, ಅಂದ್ರೆ ಸ್ವಿಚ್ ತನ್ನ ಕೆಲ್ಸ ಮಾಡಿ ಪಂಪ್ ನಿಲ್ಸಿದೆ, ಆದ್ರೂ ಪೈಪಿಂದ ನೀರು ಬರ್ತಾನೇ ಇದೆ. ಯಾಕಂದ್ರೆ 20 ಲೀಟರ್ ಕ್ಯಾನ್ ಶೆಲ್ಫ್ ಮೇಲಿಟ್ಟಿದ್ದೀರಿ, ಟ್ಯಾಂಕ್‌ಗಿಂತ ಎತ್ತರ. ಟ್ರ್ಯಾಕ್ಟರಿಂದ ಡೀಸೆಲ್ ತೆಗಿಯೋವಾಗ ಪೈಪ್ ಬಾಯಲ್ಲಿ ಒಂದ್ಸಲ ಎಳೆದು ಬಿಟ್ರೆ ಸಾಕು, ಆಮೇಲೆ ತಾನೇ ಹರಿಯುತ್ತಲ್ಲ, ಇಲ್ಲೂ ಅದೇ, ಪಂಪ್ ಒಂದ್ಸಲ ಪೈಪ್ ತುಂಬಿಸ್ತು, ಆಮೇಲೆ ಕರೆಂಟೇ ಬೇಡ, ಕ್ಯಾನ್ ಖಾಲಿ ಆಗೋವರೆಗೂ ಇಳೀತಾನೇ ಇರುತ್ತೆ. ನಂಬಿಕೆ ಬರ್ಲಿಲ್ಲ ಅಂದ್ರೆ ಪಂಪ್ ಆಫ್ ಇರೋವಾಗಲೇ ಪೈಪ್ ತುದೀನ ಕ್ಯಾನಿನ ನೀರಿಗಿಂತ ಮೇಲಕ್ಕೆ ಎತ್ತಿ ನೋಡು, ತಕ್ಷಣ ನಿಲ್ಲುತ್ತೆ.

ಪೈಪ್ ತುದಿ ಟ್ಯಾಂಕ್ ನೀರಿಂದ ಮೇಲಿಟ್ರೆ ಸಾಕು ಅಂತ ಅಂಗಡೀಲಿ ಹೇಳಿದ್ರಂತಲ್ಲ, ಅದು ಅರ್ಧ ಮಾತು. ಕ್ಯಾನ್ ಎತ್ತರದಲ್ಲೇ ಇದ್ರೆ ತುದಿ ಗಾಳೀಲಿದ್ರೂ ಹರಿಯೋದು ನಿಲ್ಲಲ್ಲ. ಮೊದ್ಲು ಕ್ಯಾನ್ ನೆಲಕ್ಕೆ ಇಳಿಸ್ಬೇಕು. ಇಳಿಸಿದ್ಮೇಲೆ ಆ ಮಾತೂ ಪಾಲಿಸ್ಬೇಕು, ತುದಿ ನೀರಲ್ಲಿ ಮುಳುಗಿದ್ರೆ ಈ ಸಲ ಉಲ್ಟಾ ಆಗುತ್ತೆ, ಪಂಪ್ ನಿಂತ ತಕ್ಷಣ ಟ್ಯಾಂಕ್ ನೀರು ವಾಪಸ್ ಕ್ಯಾನ್‌ಗೆ ಇಳಿಯುತ್ತೆ, ಮಟ್ಟ ಕಮ್ಮಿ ಆಯ್ತು ಅಂತ ಸ್ವಿಚ್ ಮತ್ತೆ ಪಂಪ್ ಆನ್ ಮಾಡುತ್ತೆ, ಹಿಂಗೇ ರಾತ್ರಿಯೆಲ್ಲಾ ಆನ್ ಆಫ್ ಆನ್ ಆಫ್. ಅದಕ್ಕೇ ತುದಿ ನೀರಿಗಿಂತ ಎರಡು ಇಂಚಾದ್ರೂ ಮೇಲೆ ಕ್ಲಿಪ್ ಹಾಕಿ ಬಿಗಿಯಾಗಿ ನಿಲ್ಸಿ. ನೀರು ವಾಪಸ್ ಬರದ ಹಾಗೆ ತಡೆಯೋ ನಾನ್ ರಿಟರ್ನ್ ವಾಲ್ವ್ ಒಂದನ್ನೇ ನಂಬ್ಕೊಂಡು ಕೂರ್ಬೇಡಿ, ನಮ್ಮ ಕಡೆ ನೀರಿಗೆ ಅದರೊಳಗೆ ಬಿಳೀ ಸುಣ್ಣ ಕಟ್ಟಿ ಸರಿಯಾಗಿ ಮುಚ್ಕೊಳ್ಳಲ್ಲ.

ಇನ್ನೊಂದು, ಇದು ತುಂಬಾ ಮುಖ್ಯ, ಕ್ಯಾನ್ ಪೂರ್ತಿ ತುಂಬಿಸ್ಲೇಬೇಡಿ. ನಿಮ್ಮ ಟ್ಯಾಂಕ್ ಮೂರಡಿ ಉದ್ದ ಒಂದೂವರೆ ಅಡಿ ಅಗಲ, ಅಂದ್ರೆ ಅದರಲ್ಲಿ ನೀರು ಒಂದು ಸೆಂಟಿಮೀಟರ್ ಏರಕ್ಕೆ ಸುಮಾರು 4 ಲೀಟರ್ ನೀರು ಬೇಕು. ಅಂಚಿಗೆ ಎರಡು ಸೆಂಟಿಮೀಟರ್ ಜಾಗ ಇದ್ರೆ 8 ಲೀಟರ್ ಹಿಡಿಯುತ್ತೆ, 20 ಹೋದ್ರೆ 12 ನೆಲಕ್ಕೇ. ಕ್ಯಾನಲ್ಲಿ 6 ಲೀಟರ್ ಇಡಿ, ಆಗ ನಾಳೆ ನಿಜವಾಗ್ಲೂ ಸ್ವಿಚ್ಚೇ ಕೆಟ್ರೂ ಹಾಲ್ ಒದ್ದೆ ಆಗಲ್ಲ.

ಸ್ವಿಚ್ಚನ್ನೂ ಒಂದ್ಸಲ ನೋಡ್ಬಿಡಿ. ಎಲ್ಲಾ ಜೋಡಿಸಿದ್ಮೇಲೆ ಫ್ಲೋಟ್ ಕೆಳಗಿಳಿಸಿದ್ರೆ ಪಂಪ್ ಓಡ್ಬೇಕು, ಮೇಲೆತ್ತಿದ್ರೆ ನಿಲ್ಬೇಕು, ಅಷ್ಟೇ. ಎತ್ತಿದ್ರೂ ಓಡ್ತಿದ್ರೆ ಆಗ ಭಾವ ಹೇಳಿದ್ದು ಸರಿ. ಫ್ಲೋಟ್ ತಡೆದು ತಡೆದು ಜಾರ್ತಿದ್ರೆ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ಚೆನ್ನಾಗಿ ತೊಳೀರಿ. ಸಣ್ಣ ಬಸವನಹುಳ ಇದಾವೆ ಅಂದಿದ್ದೆ, ಅವೂ ಅದರ ಸಂದೀಲಿ ಹೋಗಿ ಕೂರ್ತಾವೆ. ಫಿಲ್ಟರ್ ನೀರು ಬೀಳೋ ಜಾಗದ ಹತ್ರ ಸ್ವಿಚ್ ಬೇಡ, ಅಲೆಗೆ ಕುಣೀತಾ ಇರುತ್ತೆ.

ನೀರಿನ ವಿಷಯ ಅಮ್ಮ ಕೇಳಿದ್ರು. ಕೋಲಾರ ಆಗ್ಲಿ ಚಿಕ್ಕಬಳ್ಳಾಪುರ ಆಗ್ಲಿ, ಸಾವಿರ ಅಡಿ ಬೋರ್ ನೀರು, ಗಡಸು ಜಾಸ್ತಿ. ಆವಿಯಾಗೋದು ಬರೀ ನೀರು, ಉಪ್ಪು ಸುಣ್ಣ ಎಲ್ಲಾ ಟ್ಯಾಂಕಲ್ಲೇ ಉಳಿಯುತ್ತೆ, ಅದರ ಮೇಲೆ ಮತ್ತೆ ಬೋರ್ ನೀರೇ ಸುರೀತಾ ಹೋದ್ರೆ ದಿನೇ ದಿನೇ ಗಟ್ಟಿ ಆಗ್ತಾ ಹೋಗುತ್ತೆ. ಅದಕ್ಕೆ ಕ್ಯಾನ್‌ಗೆ ಆರ್‌ಒ ನೀರು ಹಾಕಿ. ಆದ್ರೆ ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಬದಲಾಯಿಸೋದು ಬಿಡ್ಬೇಡಿ, ಅದಕ್ಕೆ ಮಾಮೂಲಿ ನೀರೇ ಇರ್ಲಿ, ಬರೀ ಆರ್‌ಒ ಆದ್ರೆ ಮೀನಿಗೆ ಬೇಕಾದ ಖನಿಜ ಸಿಗಲ್ಲ.

ಊರಿಗೆ ಹೊರಡೋ ಹಿಂದಿನ ದಿನ ಜೋಡಿಸ್ಬೇಡಿ ಅಕ್ಕಾ, ಈಗ್ಲೇ ಜೋಡಿಸಿ, ಮನೇಲಿ ಯಾರಾದ್ರೂ ಇರೋವಾಗ ಹಗಲೊತ್ತು ಓಡ್ಸಿ ನೋಡಿ. ಪಂಪ್ ನಿಂತ್ಮೇಲೆ ಒಂದೈದು ನಿಮಿಷ ಪೈಪ್ ತುದಿ, ಕ್ಯಾನ್ ಎರಡೂ ಕಾಣೋ ಹಾಗೆ ವಿಡಿಯೋ ಮಾಡಿ ಕಳ್ಸು, ನೋಡಿ ಹೇಳ್ತೀನಿ.