ಮೇ ತಿಂಗಳ ಬಿಸಿಲಲ್ಲೂ ಅಮ್ಮನ ಕೈ ತಣ್ಣಗಾದದ್ದೇಕೆ?

ಸಿಂಧನೂರಿನ ಮಗಳು:
ಅಮ್ಮನಿಗೆ 58 ವರ್ಷ. ಕಳೆದ ವಾರ ರಾತ್ರಿಯಿಡೀ ವಾಂತಿ, ಭೇದಿ. ಬೆಳಿಗ್ಗೆ ಹೊರಗೆ ಬಿಸಿಲು ಸುಡುತ್ತಿದ್ದರೂ ಅವಳ ಅಂಗೈ ಅಂಗಾಲು ಮಡಕೆಯ ನೀರಿನಂತೆ ತಣ್ಣಗಿದ್ದವು. ತೀರಿಹೋದ ಅಜ್ಜಿಯನ್ನು ಕರೆಯುತ್ತಿದ್ದಳು. ನಾನು ಕಂಬಳಿ ಹೊದಿಸಿ, ಅಂಗಾಲಿಗೆ ಉಳ್ಳಾಗಡ್ಡಿ ಉಜ್ಜುತ್ತ ಒಂದು ಗಂಟೆ ಕಳೆದೆ. ಆರೋಗ್ಯ ಕೇಂದ್ರದ ಸಿಸ್ಟರ್ ಉಗುರು ಒತ್ತಿ ನೋಡಿ, ಮೇಲಿನ ಬಿಪಿ 70 ಎಂದರು. ಎರಡೂ ಕೈಗೆ ಸಲೈನ್ ಹಾಕಿ 108ರಲ್ಲಿ ರಾಯಚೂರಿಗೆ ಕಳುಹಿಸಿದರು. ಅಲ್ಲಿ ವೈದ್ಯರು ‘ಶಾಕ್’ ಎಂದರು. ಊರಿನವರು ‘ಏನು ಕಂಡು ಹೆದರಿದಳು?’ ಎಂದು ಕೇಳುತ್ತಿದ್ದಾರೆ. ಅಮ್ಮ ಮನೆಗೆ ಬಂದಿದ್ದಾಳೆ. ಆದರೆ ಕೈ ತಣ್ಣಗಾದದ್ದೇಕೆ? ಆಸ್ಪತ್ರೆಯಲ್ಲಿ ಎಲ್ಲರೂ ನಳಿಕೆಗೆ ಜೋಡಿಸಿದ್ದ ಮೂತ್ರದ ಚೀಲವನ್ನೇ ನೋಡುತ್ತಿದ್ದದ್ದೇಕೆ? ಆ ಒಂದು ಗಂಟೆ ನನ್ನನ್ನು ಬಿಡುತ್ತಿಲ್ಲ.

ನಿವೃತ್ತ ಸಿಸ್ಟರ್, ಗಂಗಾವತಿ:
ಹೆದರಿಕೆಗೂ ಇದಕ್ಕೂ ಸಂಬಂಧವಿಲ್ಲ, ತಂಗಿ. ವೈದ್ಯರು ಹೇಳುವ ಶಾಕ್ ಎಂದರೆ ದೇಹದ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ. ನೀವು ತುಂಗಭದ್ರಾ ಎಡದಂಡೆ ಕಾಲುವೆ ಕಂಡವರು. ಜಲಾಶಯ ಬತ್ತಿದಾಗ ಗದ್ದೆಯ ತೂಬು ಮುಚ್ಚಿ ಕುಡಿಯುವ ನೀರಿಗಷ್ಟೇ ಬಿಡುತ್ತಾರಲ್ಲವೇ? ದೇಹ ಮಾಡುವುದೂ ಅದನ್ನೇ. ಭೇದಿಯಲ್ಲಿ ನೀರು, ಉಪ್ಪು ಹರಿದುಹೋಗಿ ರಕ್ತನಾಳದಲ್ಲಿ ದ್ರವ ಇಳಿಯುತ್ತದೆ. ಮಿದುಳು, ಹೃದಯಕ್ಕೆ ರಕ್ತ ಉಳಿಸಲು ಚರ್ಮ, ಕರುಳು, ಮೂತ್ರಪಿಂಡದ ನಾಳಗಳು ಬಿಗಿಯಾಗುತ್ತವೆ. ಕೈಕಾಲುಗಳು ಕಾಲುವೆಯ ಕೊನೆಯ ಭಾಗದ ಹೊಲಗಳು, ಮೊದಲು ಒಣಗುವುದು ಅವೇ. ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ನಿಮ್ಮ ತಾಯಿ ಅಜ್ಜಿಯನ್ನು ಕರೆದರು ಎಂದರೆ ಮಿದುಳಿಗೂ ಕೊರತೆ ತಟ್ಟಿತ್ತು.

ಮೂತ್ರಪಿಂಡಕ್ಕೆ ರಕ್ತ ಮರಳಿತೆಂದು ಹೇಳುವುದು ಮೂತ್ರವೇ. 50 ಕೆಜಿ ತೂಕದವರಿಗೆ ಗಂಟೆಗೆ 25 ಮಿ.ಲೀ. ಆದರೂ ಬರಬೇಕು. ರಾತ್ರಿ ಪಾಳಿಯಲ್ಲಿ ಖಾಲಿ ಚೀಲಕ್ಕೆ ಮೊದಲ ಹನಿ ಬಿದ್ದಾಗ ನಾನು ಎಷ್ಟೋ ಸಲ ಕೈಮುಗಿದಿದ್ದೇನೆ.

ಎರಡೂ ಕೈಗೆ ಸಲೈನ್ ಏಕೆಂದರೆ, ಭೇದಿಯಿಂದ ಹೀಗಾದಾಗ ಅಷ್ಟು ತೂಕದ ವಯಸ್ಕರಿಗೆ ಮೊದಲ ಅರ್ಧ ಗಂಟೆಯಲ್ಲೇ ಸುಮಾರು ಒಂದೂವರೆ ಲೀಟರ್ ಹೋಗಬೇಕು. ಆ ಒಂದು ಗಂಟೆ ಬೆಲೆಯುಳ್ಳದ್ದೇ ಆಗಿತ್ತು, ಸುಳ್ಳು ಹೇಳಲಾರೆ. ಆದರೆ ಅದರ ಬಳಿಕ ನೀವು ತಡಮಾಡಲಿಲ್ಲ.

ಬಳ್ಳಾರಿಯಿಂದ:
ಒಂದು ಮಾತು ಸೇರಿಸಲೇಬೇಕು. ಕೈ ತಣ್ಣಗಾಗುವವರೆಗೆ ಕಾಯಬೇಡಿ. ನನ್ನ ತಮ್ಮನಿಗೆ ಮೂತ್ರದ ಸೋಂಕು ರಕ್ತಕ್ಕೆ ಏರಿ ಶಾಕ್ ಆದಾಗ ಕೈ ಬಿಸಿಯಾಗಿತ್ತು, ಮುಖ ಕೆಂಪಗಿತ್ತು. ಬರೀ ಜ್ವರವೆಂದು ಕುಳಿತೆವು. ಅಲ್ಲಿ ನೀರು ಕಡಿಮೆಯಾಗಿದ್ದಲ್ಲ, ನಾಳಗಳೇ ಸಡಿಲಗೊಂಡು ಎಲ್ಲ ತೂಬೂ ಒಟ್ಟಿಗೆ ತೆರೆದಂತಾಗಿತ್ತು. ಸಲೈನ್ ಸಾಲದೆ, ನಾಳಗಳನ್ನು ಬಿಗಿಗೊಳಿಸುವ ಔಷಧಿಯಾದ ನಾರ್‌ಅಡ್ರಿನಲಿನ್ ಪಂಪ್ ಹಾಕಿದರು. ಸೋಂಕಿನ ಶಾಕ್‌ನಲ್ಲಿ ಮೊದಲ ಗಂಟೆಯೊಳಗೆ ಆ್ಯಂಟಿಬಯಾಟಿಕ್ ಬೀಳಬೇಕಂತೆ. ಅವನಿಗೆ ಎರಡು ಸಲ ಡಯಾಲಿಸಿಸ್ ಆಯಿತು.

ನಿವೃತ್ತ ಸಿಸ್ಟರ್, ಗಂಗಾವತಿ:
ನಿಜ. ಹೃದಯಾಘಾತದ ಶಾಕ್ ಇನ್ನೂ ಬೇರೆ. ಅಲ್ಲಿ ರಕ್ತ ತಳ್ಳುವ ಪಂಪ್ ಆದ ಹೃದಯವೇ ಸೋತಿರುತ್ತದೆ. ಸಲೈನ್ ಸುರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅದಕ್ಕೇ ಮನೆಯಲ್ಲಿ ಬಾಟಲಿ ಹಾಕಿಸಿಕೊಳ್ಳಬೇಡಿ.

ಸಿಂಧನೂರಿನ ಮಗಳು:
ಅಕ್ಕಾ, ಅಂದು ಬೆಳಿಗ್ಗೆ ಎಂದಿನಂತೆ ಬಿಪಿ ಮಾತ್ರೆಯನ್ನೂ ನುಂಗಿಸಿದ್ದೆ. ಈಗ ಮತ್ತೆ ಕೊಡಲೇ?

ನಿವೃತ್ತ ಸಿಸ್ಟರ್, ಗಂಗಾವತಿ:
ಅದು ಬಿಪಿಯನ್ನು ಇನ್ನಷ್ಟು ಇಳಿಸಿರಬಹುದು. ನೀವಾಗಿ ಕೊಡಲೂ ಬೇಡಿ, ಪೂರ್ತಿ ಬಿಡಲೂ ಬೇಡಿ. ಇವತ್ತೇ ಬಿಪಿ ನೋಡಿಸಿ, ಡಿಸ್ಚಾರ್ಜ್ ಚೀಟಿ ಒಯ್ದು ವೈದ್ಯರನ್ನು ಕೇಳಿ. ಅಮ್ಮ ರೊಟ್ಟಿ ತಿನ್ನುತ್ತಿದ್ದಾರೆಯೇ?

ಸಿಂಧನೂರಿನ ಮಗಳು:
ಅರ್ಧ ರೊಟ್ಟಿ, ಮಜ್ಜಿಗೆ. ಕೈ ಬೆಚ್ಚಗಿದೆ.