ಸೀನನ ಭೂತಾನ್

ಸೀನ ಭೂತಾನ್‌ನಿಂದ ಬಂದು ಹದಿನೈದು ದಿನ ಆಯಿತು. ಆದರೂ ಇನ್ನೂ ಅಲ್ಲೇ ಇದ್ದಾನೆ. ಭಾನುವಾರ ರಾಜಿ ಮನೆಯಲ್ಲಿ ಬೋಂಡ ಮುಂದಿಟ್ಟರೆ ಅದರಲ್ಲಿದ್ದ ಮೆಣಸಿನಕಾಯಿ ನೋಡಿ ಶುರು ಮಾಡಿದ.

“ಅಲ್ಲಿ ಮೆಣಸಿನಕಾಯಿ ಖಾರಕ್ಕಲ್ಲ ಕಣ್ರೋ, ಅದೇ ತರಕಾರಿ! ನಾವು ಬೀನ್ಸ್ ಪಲ್ಯ ಮಾಡಿದ ಹಾಗೆ ಚೀಸ್ ಹಾಕಿ ಬೇಯಿಸುತ್ತಾರೆ. ಎಮಾ ದತ್ಶಿ ಅಂತ. ಎಮಾ ಅಂದರೆ ಮೆಣಸಿನಕಾಯಿ, ದತ್ಶಿ ಅಂದರೆ ಚೀಸ್.”

“ನೀನು ತಿಂದೆಯಾ?”

“ಬ್ಯಾಡಗಿ ಥರ ಬರೀ ಬಣ್ಣ ಇರುತ್ತೆ ಅಂದುಕೊಂಡೆ. ಎರಡನೇ ತುತ್ತಿಗೆ ಎಮಾ ಹೋಗಿ ಅಮ್ಮಾ ಆಯಿತು.”

ನಮ್ಮ ಮೇಷ್ಟ್ರು ಭೂತಾನ್ ನೋಡಿಲ್ಲ. ಆದರೆ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವರು. ಹೋಗಿ ಬಂದವರಿಗಿಂತ ಅವರಿಗೇ ಜಾಸ್ತಿ ಗೊತ್ತು.

“ಇಡೀ ದೇಶದಲ್ಲಿ ನಮ್ಮ ಮೈಸೂರಿನಷ್ಟು ಜನ ಇಲ್ಲ. ಶೇಕಡಾ 60ರಷ್ಟು ನೆಲ ಯಾವತ್ತೂ ಕಾಡಾಗಿಯೇ ಇರಬೇಕು ಅಂತ ಸಂವಿಧಾನದಲ್ಲೇ ಬರೆದುಕೊಂಡಿದ್ದಾರೆ. ಗಂಗ್‌ಖರ್ ಪುಯೆನ್ಸುಮ್ ಅಂತ ಒಂದು ಶಿಖರ, 7,570 ಮೀಟರ್. ಅದರ ತುದಿ ಇನ್ನೂ ಯಾರೂ ಮುಟ್ಟಿಲ್ಲ. ಶಿಖರಗಳು ದೇವರ ಜಾಗ ಅನ್ನುವ ನಂಬಿಕೆ. 2003ರಿಂದ ಪರ್ವತಾರೋಹಣವೇ ಬಂದ್.”

“ಸದ್ಯ, ಸೀನನ ಮಂಡಿ ಉಳಿಯಿತು” ಎಂದಳು ರಾಜಿ.

ಸೀನ ಕೇಳಿಸದವನ ಹಾಗೆ ಥಿಂಪುವಿಗೆ ಹೊರಟ. “ರಾಜಧಾನಿಯಲ್ಲಿ ಟ್ರಾಫಿಕ್ ಸಿಗ್ನಲ್ಲೇ ಇಲ್ಲ! ಒಮ್ಮೆ ಹಾಕಿದರಂತೆ, ಜನಕ್ಕೆ ಹಿಡಿಸಲಿಲ್ಲ, ಕಿತ್ತರು. ಪೊಲೀಸು ಬಿಳಿ ಕೈಗವಸು ಹಾಕಿಕೊಂಡು ಭರತನಾಟ್ಯದ ಥರ ಕೈಯಾಡಿಸುತ್ತಾನೆ. ಗಾಡಿಗಳು ಸುಮ್ನೆ ನಿಲ್ಲುತ್ತವೆ.”

“ಸಿಲ್ಕ್ ಬೋರ್ಡ್‌ನಲ್ಲಿ ಕೈಗವಸು ಮಾತ್ರ ಉಳಿಯುತ್ತೆ” ಅಂದೆ ನಾನು.

“ಬಿಲ್ಲುಗಾರಿಕೆ ಕೇಳು. ಗುರಿ 140 ಮೀಟರ್‌ಗೂ ಆಚೆ. ಎದುರು ತಂಡದವರು ಆ ಗುರಿಯ ಹತ್ತಿರವೇ ನಿಂತು, ಕುಣಿದು ಗೇಲಿ ಮಾಡುತ್ತಾರೆ.”

ಬಾಣ ಹಿಡಿದವನನ್ನು ಗೇಲಿ ಮಾಡುವುದು! ನಾನಾದರೆ ಕೈಮುಗಿದು ನಿಲ್ಲುತ್ತಿದ್ದೆ.

ಕೊನೆಗೆ ಪಾರೋದ ತಕ್ತ್‌ಸಾಂಗ್ ಬಂತು. ಕಣಿವೆಯಿಂದ ಸುಮಾರು 900 ಮೀಟರ್ ಮೇಲೆ, ಬಂಡೆಗೆ ಅಂಟಿಸಿದ ಹಾಗಿರುವ ಮಠ. ಗುರು ಪದ್ಮಸಂಭವ ಹುಲಿಯ ಬೆನ್ನೇರಿ ಹಾರಿ ಬಂದು ಅಲ್ಲಿನ ಗುಹೆಯಲ್ಲಿ ಧ್ಯಾನ ಮಾಡಿದ ಅಂತ ಕಥೆ. ಮಠ ಕಟ್ಟಿದ್ದು 1692ರಲ್ಲಿ. 1998ರಲ್ಲಿ ಬೆಂಕಿ ಬಿದ್ದು, ಮತ್ತೆ ಕಟ್ಟಿದರು.

“ಗುರು ಹುಲಿ ಮೇಲೆ ಬಂದ. ನೀನು?”

“ಕುದುರೆ ಮೇಲೆ. ಅರ್ಧ ದಾರಿಗೆ ಒಂದು ಕ್ಯಾಂಟೀನ್ ಇದೆ, ಕುದುರೆ ಅಲ್ಲಿಯವರೆಗೆ.”

“ಆಮೇಲೆ?”

“ಆಮೇಲೆ... ನಡೆಯೋದು.”

ಫೋಟೊ ತೋರಿಸಿದ. ಮಠ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಸೀನನ ಕೈಯಲ್ಲಿದ್ದ ಟೀ ಕಪ್ಪು ಅದಕ್ಕಿಂತ ದೊಡ್ಡದು.

“ಒಳಗಿನ ಫೋಟೊ?” ಎಂದಳು ರಾಜಿ.

“ಒಳಗೆ ಮೊಬೈಲ್ ಬಿಡಲ್ಲಮ್ಮ. ಬಾಗಿಲಲ್ಲೇ ಇಟ್ಟು ಹೋಗಬೇಕು.”

“ಅದು ನಿಜ” ಎಂದು ತಲೆದೂಗಿದರು ಮೇಷ್ಟ್ರು. ಸೀನ ನಿರಾಳವಾಗಿ ಬೋಂಡಕ್ಕೆ ಕೈ ಹಾಕಿದ.

“ಕೊನೆಯಲ್ಲಿ ಮೆಟ್ಟಿಲಿಳಿದು, ಜಲಪಾತದ ಮುಂದಿನ ಸೇತುವೆ ದಾಟಿ, ಮತ್ತೆ ಮೆಟ್ಟಿಲು ಹತ್ತಬೇಕಲ್ವಾ ಸೀನ? ನೀರು ಜೋರಾಗಿತ್ತಾ?”

“ಯಾವ ನೀರು ಮೇಷ್ಟ್ರೇ?”